ಹೊಳೆಮ್ಮನ ಕಾಲು ಅಳೆದ ನೀರಗಂಟಿ

ಮಲಪನಗುಡಿ ಬಯಲಿನ ಹನ್ನೊಂದು ಮಂದಿ ಗದ್ದೆಯವರು ನೀರಗಂಟಿ ಮುದುಕಪ್ಪನಿಗೆ ಆಯ ಕೊಡುವುದು ಇನ್ನೂ ಬಾಕಿ ಇದೆ. 1992ರ ಬೇಸಿಗೆ ಬೆಳೆಯದು. ಪೇಟೆಯ ಓದುಗರಿಗೆ ಆಯ ಅಂದರೆ ಏನೆಂದು ಹೇಳಬೇಕು. ಕಾಲುವೆಯ ನೀರನ್ನು ಸರದಿ ತಪ್ಪದಂತೆ ಗದ್ದೆಯಿಂದ ಗದ್ದೆಗೆ ಹಾಯಿಸುವವನು ನೀರಗಂಟಿ. ಅವನಿಗೆ ತಿಂಗಳ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರಾಶಿಯಿಂದ ಎಕರೆಗಿಷ್ಟು ಎಂದು ಭತ್ತ ಅಳೆದು ಅವನ ಚೀಲಕ್ಕೆ ಸುರಿಯುತ್ತಾರೆ. ಅದೇ ಆಯ, ಅದೇ ಅವನ ಕೂಲಿ. ಆ ವರ್ಷ ಹನ್ನೊಂದು ಕಣದಲ್ಲಿ ಅವನ ಚೀಲಕ್ಕೆ ಒಂದು ಕಾಳೂ ಬೀಳಲಿಲ್ಲ. ಮದ್ರಾಸಿಗೆ ಹೋಗಿದ್ದೆಯಲ್ಲ, ಅಲ್ಲೇ ಇಸಿದುಕೋ ಅಂದರು. ಅವನು ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡು ಬಂದ. ಆಮೇಲೆ ಒಂದು ಸಾರಿಯೂ ಕೇಳಿಲ್ಲ. ಅವನ ಪರವಾಗಿ ನಾನು ಕೇಳುತ್ತಿದ್ದೇನೆ. ಯಾಕೆ ಅನ್ನುವುದಕ್ಕೆ ಅವನ ಕತೆ ಹೇಳಬೇಕಾಗುತ್ತದೆ.

ಮುದುಕಪ್ಪ ಹೆಸರಿಗೆ ತಕ್ಕಂತೆ ಮುದುಕನೇನಲ್ಲ. ಹೊಸಪೇಟೆಯ ಅಣೆಕಟ್ಟು ಕಟ್ಟುವಾಗ ಅವನಪ್ಪ ಅಲ್ಲಿ ಕಲ್ಲು ಹೊತ್ತವನು, ಇವನು ಆಗ ತೊಟ್ಟಿಲಲ್ಲಿದ್ದ. ಆ ಕಲ್ಲಿನ ಹಿಂದೆ ನೀರು ನಿಂತಿತು, ಕಾಲುವೆಗಳು ಹರಿದವು, ಹೊಸಪೇಟೆಯಿಂದ ಕಂಪ್ಲಿಯವರೆಗೆ ಕಬ್ಬು, ಬಾಳೆ, ಭತ್ತ. ಅಕ್ಕಿ ಗಿರಣಿಗಳು ಎದ್ದವು, ಗಿರಣಿಯವರ ಮನೆಗಳ ಮೇಲೆ ಮಹಡಿಗಳೆದ್ದವು. ನೀರಿನಿಂದ ಉಂಡವರು ಬಹಳ ಮಂದಿ. ನೀರು ಬಿಟ್ಟವನು ಉಂಡನೋ ಇಲ್ಲವೋ ಎಂದು ಕೇಳಿದವರು ಕಡಿಮೆ. ಮುದುಕಪ್ಪನಿಗೆ ಅಂಗೈಯಗಲ ಭೂಮಿಯಿಲ್ಲ. ಹದಿನೈದನೇ ವಯಸ್ಸಿಗೆ ಅಪ್ಪನ ಗುದ್ದಲಿ ಹಿಡಿದು, ಕಾಲುವೆಯ ನೀರು ಬಿಡುವ ತೂಬಿನ ಮೇಲೆ ನಿಂತವನು ಇವತ್ತಿಗೂ ಇಳಿದಿಲ್ಲ.

ಅವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಕಾಲುವೆ ಗೋಡೆಯ ಮೇಲೆ ಬಳಿದ ಗೇಜಿನ ಅಂಕಿಯನ್ನು ಓದುತ್ತಾನೆ. ಬರಿಗಣ್ಣಿನಲ್ಲೇ ಈ ಗದ್ದೆ ಆ ಗದ್ದೆಗಿಂತ ಎರಡು ಬೆರಳು ಎತ್ತರ ಅನ್ನುತ್ತಾನೆ. ಅವನದೊಂದು ಕಟ್ಟುನಿಟ್ಟಿತ್ತು: ಕಾಲುವೆಯ ಬಾಲದಲ್ಲಿರುವ ಗದ್ದೆಗೆ ಮೊದಲು ನೀರು, ತಲೆಯ ಗದ್ದೆಗೆ ಕಡೆಗೆ. ತಲೆಯಲ್ಲಿರುವವರು ದೊಡ್ಡವರು, ಬಾಲದಲ್ಲಿರುವವರು ಸಣ್ಣವರು. ಇದರಿಂದ ಯಾರಿಗೆ ಸಿಟ್ಟು ಬರುತ್ತಿತ್ತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೂಲಿಕಾರರ ಸಂಘದ ಮೆರವಣಿಗೆಗೆ ಬರುತ್ತಿದ್ದ, ಘೋಷಣೆ ಕೂಗುತ್ತಿದ್ದ, ಸರದಿಯ ಹೊತ್ತಾದರೆ ಬಾವುಟವನ್ನು ಪಕ್ಕದವನ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದ. ಹೇಡಿ ಅಂತ ಒಮ್ಮೆ ಬೈದೆವು. ಸರಕಾರ ಕಾಯುತ್ತದೆ, ನೀರು ಕಾಯುವುದಿಲ್ಲ ಅಂದ.

ಅವನ ತಂಗಿ ಭರಮಮ್ಮ. ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಅಣ್ಣನ ಮನೆಗೆ ಬಂದವಳು. ಸಂಡೂರಿನ ಗಣಿಯಲ್ಲಿ ಅದಿರು ಹೊರುತ್ತಿದ್ದಳು. ಸೋಮವಾರ ಬಸ್ಸಿಗೆ ಹೋದರೆ ಶನಿವಾರ ಮೈಯೆಲ್ಲ ಕೆಂಪಾಗಿ ಬರುತ್ತಿದ್ದಳು. ಮಗಳು ಹೊಳೆಮ್ಮ ಸೋದರಮಾವನ ಹಿಂದೆ ಕಾಲುವೆ ಏರಿಯ ಮೇಲೆ ಬೆಳೆದಳು. ಮುದುಕಪ್ಪ ಮದುವೆಯಾಗಲಿಲ್ಲ. ಕೇಳಿದರೆ, ತೂಬು ಬಿಟ್ಟು ಹೆಣ್ಣು ನೋಡಲು ಹೋಗುವುದು ಯಾವಾಗ ಅನ್ನುತ್ತಿದ್ದ.

1990ರ ದೀಪಾವಳಿ ಮುಗಿದ ಮೇಲೆ ಒಂಬತ್ತು ವರ್ಷದ ಹೊಳೆಮ್ಮನ ಬಲಮಂಡಿಯ ಮೇಲ್ಗಡೆ ನೋವು ಸುರುವಾಯಿತು. ಕಾಲುವೆ ಮೆಟ್ಟಿಲಿಂದ ಜಿಗಿದು ಉಳುಕಿಸಿಕೊಂಡಿದ್ದಾಳೆ ಅಂದುಕೊಂಡರು. ಎಣ್ಣೆ ಹಚ್ಚಿ ತಿಕ್ಕಿಸಿದರು, ಕಟ್ಟು ಕಟ್ಟಿಸಿದರು. ಎರಡು ತಿಂಗಳು ಹೋಯಿತು, ಊತ ಮಾವಿನಕಾಯಿ ಗಾತ್ರವಾಯಿತು. ತಿಕ್ಕಿಸಿದ್ದು ತಪ್ಪು, ತಡ ಮಾಡಿದ್ದು ತಪ್ಪು. ಆ ತಪ್ಪು ಮಾಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಬಳ್ಳಾರಿಯಲ್ಲಿ ಎಕ್ಸ್‌ರೇ ಫೋಟೋ ತೆಗೆದ ಡಾಕ್ಟರು ಚೀಟಿ ಬರೆದು ಮದ್ರಾಸಿಗೆ ಕಳಿಸಿದರು. ಎಲುಬಿನ ಕ್ಯಾನ್ಸರು.

ಮದ್ರಾಸಿನ ಆ ದೊಡ್ಡ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಸಿಗಲಿಲ್ಲ. ತೆಲುಗು ಬಲ್ಲ ನರ್ಸಮ್ಮ ಒಬ್ಬಳು ಸಿಕ್ಕಳು. ಮುದುಕಪ್ಪನಿಗೆ ಕಾಲುವೆ ಕೆಳಗಿನ ಆಂಧ್ರದ ರೈತರ ಜೊತೆ ಜಗಳವಾಡಿ ಕಲಿತ ತೆಲುಗಿತ್ತು. ಅಷ್ಟು ಸಾಕಾಯಿತು. ಡಾಕ್ಟರು ಹೇಳಿದ್ದು ಇದು: ಮೊದಲು ಔಷಧಿಯ ಬಾಟಲಿ ಏರಿಸಿ ಗಡ್ಡೆ ಕುಗ್ಗಿಸುತ್ತೇವೆ. ಆಮೇಲೆ ರೋಗ ಹಿಡಿದ ತೊಡೆಯೆಲುಬನ್ನು ಮಂಡಿಯ ಸಮೇತ ತೆಗೆದು ಆ ಜಾಗಕ್ಕೆ ಲೋಹದ ಎಲುಬು ಇಡುತ್ತೇವೆ, ಕಾಲು ಉಳಿಯುತ್ತದೆ. ಆದರೆ ಲೋಹ ಬೆಳೆಯುವುದಿಲ್ಲ, ಹುಡುಗಿ ಬೆಳೆಯುತ್ತಾಳೆ. ಎಡಗಾಲು ಉದ್ದವಾಗುತ್ತ ಹೋಗುತ್ತದೆ, ಬಲಗಾಲು ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಈ ಲೋಹದೊಳಗೆ ಒಂದು ತಿರುಪು ಇಟ್ಟಿದೆ. ಆರು ತಿಂಗಳಿಗೊಮ್ಮೆ ಬರಬೇಕು. ಸಣ್ಣದಾಗಿ ಕೊಯ್ದು, ಕೀಲಿ ಹಾಕಿ ತಿರುಗಿಸಿ, ಬೆಳೆದಷ್ಟು ಉದ್ದ ಮಾಡುತ್ತೇವೆ.

ಮೇಜಿನ ಮೇಲೆ ಅಂಥದ್ದೇ ಒಂದು ಲೋಹದ ಎಲುಬು ಇಟ್ಟು ತೋರಿಸಿದರಂತೆ. ಭರಮಮ್ಮ ಅದನ್ನು ನೋಡಲಾರದೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಮುದುಕಪ್ಪ ಅದನ್ನು ಕೈಗೆ ತೆಗೆದುಕೊಂಡು ತಿರುಪಿನ ಗೆರೆಗಳ ಮೇಲೆ ಉಗುರು ಆಡಿಸಿದ.

"ಇದು ನಮ್ಮ ತೂಬಿನ ತಿರುಪು ಇದ್ದಂಗ ಐತಲ್ರಿ," ಅಂದ. "ಒಂದು ಸುತ್ತು ತಿರುವಿದ್ರ ಬಾಗಿಲು ಒಂದು ಗೆರಿ ಮ್ಯಾಲ. ತಂಗೀ, ಅಳಬ್ಯಾಡ. ಇದು ನನಗ ತಿಳಿಯೋ ಕೆಲಸ."

ಡಾಕ್ಟರಿಗೆ ನರ್ಸಮ್ಮ ಅದನ್ನು ಹೇಳಿದಳು. ಅವರು ನಗಲಿಲ್ಲ. ಆಪರೇಷನ್ ನಮ್ಮ ಕೆಲಸ, ಒಂದು ದಿನದ್ದು. ಆಮೇಲಿನ ಏಳು ವರ್ಷ ನಿನ್ನ ಕೆಲಸ ಅಂದರು. ತಾರೀಕು ತಪ್ಪಬಾರದು. ಮಂಡಿಯನ್ನು ದಿನಾ ಮಡಚಿ ಚಾಚಿ ಮಾಡಿಸಬೇಕು, ಇಲ್ಲವಾದರೆ ಕಟ್ಟಿಗೆಯಾಗುತ್ತದೆ. ಮೈಮೇಲೆ ಎಲ್ಲೇ ಹುಣ್ಣಾಗಲಿ, ಜ್ವರ ಬರಲಿ, ಅವತ್ತೇ ಡಾಕ್ಟರಿಗೆ ತೋರಿಸಬೇಕು; ಕೀವು ರಕ್ತದೊಳಗೆ ಇಳಿದು ಲೋಹಕ್ಕೆ ಹತ್ತಿದರೆ ಎಲ್ಲ ಕೆಡುತ್ತದೆ. ಬಂದಾಗೆಲ್ಲ ಎದೆಯ ಫೋಟೋ, ಯಾಕೆಂದರೆ ಈ ರೋಗ ಪುಪ್ಪುಸಕ್ಕೆ ಹಾರುತ್ತದೆ. ಇಷ್ಟನ್ನೂ ಹೇಳಿ ಹಳದಿ ಬಣ್ಣದ ಒಂದು ಕಾರ್ಡು ಕೊಟ್ಟರು, ಅದರಲ್ಲಿ ತಾರೀಕಿನ ಅಂಕಿಗಳು. ಮುದುಕಪ್ಪ ಓದಬಲ್ಲದ್ದು ಅದೊಂದೇ. ದುಡ್ಡಿನ ಕತೆ ಇಲ್ಲಿ ಬೇಡ. ಆಸ್ಪತ್ರೆಯವರು ಬಿಟ್ಟಷ್ಟು ಬಿಟ್ಟರು, ಮಂದಿ ಕೊಟ್ಟಷ್ಟು ಕೊಟ್ಟರು.

1991ರ ಏಪ್ರಿಲಿನಲ್ಲಿ ಆಪರೇಷನ್ ಆಯಿತು. ಮತ್ತೆ ಬಾಟಲಿಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಬೋಳುತಲೆಯಲ್ಲಿ ಊರಿಗೆ ಬಂದಳು, ಕಂಕುಳಲ್ಲಿ ಊರುಗೋಲು. ಮುದುಕಪ್ಪ ದಿನಾ ಅವಳನ್ನು ತೂಬಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರಿಸಿ ಮಂಡಿ ಮಡಚಿಸುತ್ತಿದ್ದ. ನೋವಿಗೆ ಅವಳು ಬೈಯುತ್ತಿದ್ದ ಬೈಗುಳ ಕೇಳಿ ಏರಿಯ ಮೇಲೆ ಹೋಗುವವರು ನಿಂತು ನೋಡುತ್ತಿದ್ದರು. ಇಷ್ಟು ಬೈಗುಳ ಎಲ್ಲಿ ಕಲಿತಳು ಎಂದು ನಾನು ಕೇಳಿದೆ. ಸರದಿ ತಪ್ಪಿದ ಗದ್ದೆಯವರು ನನಗೆ ಬೈಯುವಾಗ ಇವಳು ಪಕ್ಕದಲ್ಲೇ ಇರುತ್ತಿದ್ದಳಲ್ಲ ಅಂದ. ಗದ್ದೆಯ ಕೆಸರಿಗೆ ಅವಳನ್ನು ಇಳಿಸುತ್ತಿರಲಿಲ್ಲ. ನಾಟಿ ಹಚ್ಚುವವರ ಬೆರಳ ಸಂದಿಯಲ್ಲಿ ಆಗುವ ಕೆಸರು ಹುಣ್ಣು ಅವನಿಗೆ ಗೊತ್ತಿತ್ತು. ಅವನ ಕಾಲಲ್ಲೇ ವರ್ಷವಿಡೀ ಇರುತ್ತಿತ್ತು. ಸಂಜೆ ಅವಳ ಎರಡು ಪಾದವನ್ನೂ ತೊಳೆದು, ಬೆಳಕಿಗೆ ಹಿಡಿದು, ಬೆರಳು ಬಿಡಿಸಿ ನೋಡಿದ ಮೇಲೆಯೇ ಅವಳಿಗೆ ಊಟ.

ಅಳತೆಯದೇ ಒಂದು ಜಗಳವಾಯಿತು. ಕಾಲುವೆಗೆ ಸಿಮೆಂಟು ಹಾಕಲು ಬಂದಿದ್ದ ಗೌಂಡಿಯ ಹತ್ತಿರ ಮುದುಕಪ್ಪ ಒಂದು ಉದ್ದನೆಯ ಪೈಪು ಇಸಿದುಕೊಂಡಿದ್ದ. ಒಳಗಿನ ನೀರು ಕಾಣುವಂಥದ್ದು. ಗೋಡೆಯ ಎರಡು ತುದಿ ಒಂದೇ ಮಟ್ಟದಲ್ಲಿದೆಯೇ ಎಂದು ಗೌಂಡಿಗಳು ನೋಡುವುದು ಅದರಿಂದಲೇ. ಹೊಳೆಮ್ಮನನ್ನು ಅಂಗಳದ ಚಪ್ಪಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಪೈಪಿನ ಒಂದು ತುದಿಯನ್ನು ಅವಳ ಎಡಸೊಂಟದ ಎಲುಬಿಗೂ ಇನ್ನೊಂದನ್ನು ಬಲಸೊಂಟದ ಎಲುಬಿಗೂ ಹಿಡಿಯಲು ಹೋದ. ಭರಮಮ್ಮ ಒಳಗಿಂದ ಬಂದವಳೇ ಪೈಪು ಕಿತ್ತುಕೊಂಡಳು. ಬೆಳೆಯುವ ಕೂಸನ್ನು ಅಳೆಯಬಾರದು ಅನ್ನುವುದು ನಮ್ಮ ಕಡೆಯ ಹೆಂಗಸರ ಮಾತು, ಅಳೆದರೆ ಬೆಳವಣಿಗೆ ನಿಲ್ಲುತ್ತದಂತೆ.

"ಅಳತಿ ತಗೊಳ್ಳೋದು ಹೆಣಕ್ಕ, ಯಣ್ಣಾ," ಅಂದಳು. "ಜೀವ ಇದ್ದ ಕೂಸಿಗಲ್ಲ."

"ನಾನು ಮೂವತ್ತು ವರ್ಷ ನೀರು ಅಳದೀನಿ, ಹೊಳಿ ಬತ್ತೇತೇನು?" ಅಂದ ಮುದುಕಪ್ಪ. "ಅಳೀದಿದ್ರ ಯಾರಿಗೆ ಎಷ್ಟು ಕಡಿಮಿ ಬಿತ್ತು ಅಂತ ಹೆಂಗ ತಿಳಿತೈತಿ?"

ಹೊಳೆಮ್ಮ ನಡುವೆ ಬಾಯಿ ಹಾಕಿ, ನನ್ನನ್ನು ಅಳೆಯುವುದಾದರೆ ಬೇಗ ಅಳೆಯಿರಿ, ಕಾಲು ನೋಯುತ್ತದೆ ಅಂದಳು. ಅವತ್ತಿಂದ ತಿಂಗಳಿಗೊಮ್ಮೆ ಅಳತೆ. ಮುದುಕಪ್ಪ ಬೇವಿನ ಕಟ್ಟಿಗೆಯಲ್ಲಿ ಕಾಲಿಂಚು ದಪ್ಪದ ಹಲಗೆ ಚೂರುಗಳನ್ನು ಸಮನಾಗಿ ಕೊಯ್ದು ಉಜ್ಜಿ ಇಟ್ಟಿದ್ದ. ಬಲಪಾದದ ಕೆಳಗೆ ಒಂದೊಂದೇ ಚೂರು ಇಡುವುದು, ಎರಡೂ ಸೊಂಟದೆಲುಬು ಪೈಪಿನ ನೀರಿನ ಮಟ್ಟಕ್ಕೆ ಬಂದವೇ ನೋಡುವುದು. ಎಷ್ಟು ಚೂರು ಹಿಡಿಯಿತೋ ಅಷ್ಟು ಕಾಲು ಗಿಡ್ಡವಾಗಿದೆ ಅಂತ ಲೆಕ್ಕ. ಅಕ್ಟೋಬರಿನಲ್ಲಿ ಮೊದಲ ಸಾರಿ ಉದ್ದ ಮಾಡಿಸಲು ಹೋದಾಗ, ಒಂದೂವರೆ ಚೂರು ಗಿಡ್ಡ ಇದೆ ಎಂದು ಡಾಕ್ಟರಿಗೆ ತಾನೇ ಮೊದಲು ಹೇಳಿದ. ಅವರು ಫೋಟೋ ತೆಗೆದು ಅಳೆದರು. ಕೂದಲೆಳೆಯಷ್ಟೇ ವ್ಯತ್ಯಾಸ ಬಂತಂತೆ. ಪೈಪಿನ ವಿಷಯ ಕೇಳಿ ತಮ್ಮ ಕೈಕೆಳಗಿನ ಹುಡುಗ ಡಾಕ್ಟರುಗಳನ್ನೆಲ್ಲ ಕರೆದು, ಅವನ ಕೈಲೇ ಹೇಳಿಸಿದರಂತೆ. ಈ ಭಾಗವನ್ನು ಅವನು ನನಗೆ ಹೇಳಲಿಲ್ಲ, ಹೊಳೆಮ್ಮ ಹೇಳಿದಳು.

ಎರಡನೇ ತಾರೀಕು 1992ರ ಏಪ್ರಿಲಿನಲ್ಲಿ ಬಂತು. ಗುಂತಕಲ್ಲಿನಲ್ಲಿ ರೈಲು ಬದಲಾಯಿಸಿ ಹೋಗಿ, ಕಾಲು ಉದ್ದ ಮಾಡಿಸಿ, ಹೊಲಿಗೆ ನೋಡಿಸಿ ಬರಲು ಎಂಟು ದಿನ. ತೂಬನ್ನು ಕೆಂಚಣ್ಣ ಎಂಬ ಪಕ್ಕದ ಮನೆಯವನಿಗೆ ವಹಿಸಿ ಹೋಗಿದ್ದ. ಕೆಂಚಣ್ಣ ಒಳ್ಳೆಯವನು, ಆದರೆ ದೊಡ್ಡ ದನಿಗೆ ಹೆದರುವವನು. ಯಾರು ಜೋರಾಗಿ ಕೇಳಿದರೋ ಅವರಿಗೆ ನೀರು ಬಿಟ್ಟ. ಹನ್ನೊಂದು ಗದ್ದೆಗೆ ಒಂದು ಸರದಿ ತಪ್ಪಿತು. ಬೆಳೆಯೇನೂ ಹಾಳಾಗಲಿಲ್ಲ. ಆದರೂ ಸುಗ್ಗಿಯಲ್ಲಿ ಆ ಹನ್ನೊಂದು ಕಣದಿಂದ ಆಯ ಬರಲಿಲ್ಲ. ಅದನ್ನು ಮೊದಲೇ ಹೇಳಿದ್ದೇನೆ.

ಅಕ್ಟೋಬರಿನ ತಾರೀಕು ಬಂದಾಗ ಭತ್ತ ತೆನೆ ಬಿಡುವ ಸಮಯ. ಕಾಲುವೆ ತಲೆಯಲ್ಲಿ ಹದಿನೈದು ಎಕರೆಯಿದ್ದ, ಹೊಸಪೇಟೆಯಲ್ಲಿ ಅಕ್ಕಿ ಗಿರಣಿಯೂ ಇದ್ದ ಕೊಟ್ರಬಸಪ್ಪ ತೂಬಿನ ಹತ್ತಿರ ಬಂದು ಸೈಕಲ್ ಮೋಟಾರು ನಿಲ್ಲಿಸಿದ. ಇಳಿಯಲೂ ಇಲ್ಲ.

"ಲೇ ಮುದುಕಪ್ಪ, ಈ ಸಾರಿ ಮದ್ರಾಸಿಗೆ ಹೋಗೋದಾದ್ರ ಹೋಗು. ಗುದ್ದಲಿ ಇಲ್ಲೇ ಇಟ್ಟು ಹೋಗು."

ಗುದ್ದಲಿ ಇಟ್ಟು ಹೋಗು ಅಂದರೆ ಕೆಲಸ ಬಿಟ್ಟು ಹೋಗು ಅಂತ. ಮುದುಕಪ್ಪ ಅವತ್ತು ನನ್ನ ಹತ್ತಿರ ಬಂದಿದ್ದ. ಗಿರಣಿ ಮುಂದೆ ಧರಣಿ ಕೂರೋಣ ಅಂದೆ ನಾನು. ನಾನು ಬಲ್ಲ ಔಷಧಿ ಅದೊಂದೇ. ಧರಣಿ ಕೂತರೆ ತಾರೀಕೂ ತಪ್ಪುತ್ತದೆ ಸರದಿಯೂ ತಪ್ಪುತ್ತದೆ ಅಂದ. ಆಮೇಲೆ ತನ್ನದೇ ಲೆಕ್ಕ ಹೇಳಿದ. ನೀರಿನಲ್ಲಿ ಒಂದು ಪದ್ಧತಿಯಿದೆ: ಒಬ್ಬನ ಸರದಿ ತಪ್ಪಿದರೆ ಮುಂದಿನ ಸರದಿಗೆ ಅವನಿಗೆ ಎರಡು ಪಾಲು. ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಕಾಲಿನದೂ ಹಾಗೇ ಆಗಲಿ. ಅಕ್ಟೋಬರಿನದು ಬಿಡೋಣ, ಏಪ್ರಿಲಿನಲ್ಲಿ ಹೋಗಿ ತಿರುಪನ್ನು ಎರಡು ಪಾಲು ತಿರುಗಿಸಿಕೊಂಡು ಬರೋಣ. ನನಗೂ ಸರಿ ಅನ್ನಿಸಿತು. ನಾನು ತಲೆಯಾಡಿಸಿದೆ. ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ, ಅದಕ್ಕೇ ಇಲ್ಲಿ ಬರೆದೆ.

ಹುಡುಗಿಯರು ಹನ್ನೊಂದು ಹನ್ನೆರಡರಲ್ಲಿ ಹೇಗೆ ಬೆಳೆಯುತ್ತಾರೆ ಎಂದು ಮದುವೆಯಾಗದ ನೀರಗಂಟಿಗೆ ಏನು ಗೊತ್ತು. ಹೊಳೆಮ್ಮ ಆ ಚಳಿಗಾಲದಲ್ಲಿ ಕಬ್ಬಿನಂತೆ ಎದ್ದಳು. ಸಂಕ್ರಾಂತಿಗೆ ಎರಡು ಚೂರು ಹಿಡಿಯಿತು, ಶಿವರಾತ್ರಿಗೆ ಮೂರು, ಯುಗಾದಿಗೆ ನಾಲ್ಕು. ಒಂದು ಇಂಚು. ಬಲಗಾಲಿನ ತುದಿಬೆರಳಿನ ಮೇಲೆ ನಡೆಯತೊಡಗಿದಳು. ಹಿಮ್ಮಡಿಯ ಮೇಲಿನ ನರ ಬಿಗಿಯಾಯಿತು, ಸೊಂಟ ಓರೆಯಾಯಿತು, ಮಡಚುತ್ತಿದ್ದ ಮಂಡಿ ಅರ್ಧಕ್ಕೇ ನಿಲ್ಲತೊಡಗಿತು. ಶಾಲೆಯಲ್ಲಿ ಕೊಕ್ಕರೆ ಅಂದರಂತೆ. ಅವಳು ಅಂದವಳ ಜಡೆ ಹಿಡಿದು ಹೊಡೆದು ಬಂದಳು. ಮುದುಕಪ್ಪ ಚೂರುಗಳನ್ನು ತೊಳೆದು ಒರೆಸಿ ಗೂಡಿನಲ್ಲಿಟ್ಟ.

ಏಪ್ರಿಲಿನಲ್ಲಿ ಮದ್ರಾಸಿಗೆ ಹೋದರು. ಡಾಕ್ಟರು ಕಾರ್ಡು ನೋಡಿದರು, ಅಕ್ಟೋಬರಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಮುದುಕಪ್ಪ ತನ್ನ ಲೆಕ್ಕ ಹೇಳಿದ, ಎರಡು ಪಾಲು ಕೊಡಿ ಅಂದ. ನರ್ಸಮ್ಮ ತೆಲುಗಿನಲ್ಲಿ ಹೇಳಿದ ಉತ್ತರವನ್ನು ಅವನು ಇವತ್ತಿಗೂ ಹಾಗೇ ಹೇಳುತ್ತಾನೆ: ಲೋಹ ಎರಡು ಪಾಲು ಹೋದೀತು, ನರ ಹೋಗುವುದಿಲ್ಲ, ರಕ್ತನಾಳ ಹೋಗುವುದಿಲ್ಲ. ಜಗ್ಗಿದರೆ ಪಾದ ಜೀವ ಕಳೆದುಕೊಂಡು ನೇತಾಡುತ್ತದೆ. ಒಂದು ಸಾರಿಗೆ ಒಂದು ಸೆಂಟಿಮೀಟರು, ಅಷ್ಟೇ. ಈಗ ಉಳಿದದ್ದನ್ನು ತುಂಬಬೇಕಾದರೆ ಆರು ತಿಂಗಳು ಸಾಲದು, ಮೂರು ತಿಂಗಳಿಗೊಮ್ಮೆ ಬರಬೇಕು. ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್. ನಾಲ್ಕರಲ್ಲಿ ಒಂದು ತಪ್ಪಿದರೂ ಆ ಮಂಡಿ ಮತ್ತೆ ಮಡಚುತ್ತದೆ ಎಂದು ನಾನು ಮಾತು ಕೊಡಲಾರೆ.

ಊರಿಗೆ ಬಂದ ದಿನ ಅವನು ತೂಬಿನ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಪಕ್ಕದಲ್ಲಿ ಕುಳಿತೆ. ಅವನು ಬೀಡಿ ಹಚ್ಚಿದ.

"ತೆನಿ ಕಟ್ಟೋ ಹೊತ್ತಿನ್ಯಾಗ ನೀರು ತಪ್ಪಿದ್ರ, ಆಮ್ಯಾಲ ಎರಡು ಪಾಲು ಬಿಟ್ರೂ ಕಾಳು ಜೊಳ್ಳ," ಅಂದ. "ಇದು ನನಗ ಗೊತ್ತಿತ್ತಣ್ಣ. ಬೀಜದ ನೀರು ಬ್ಯಾರೆ, ತೆನಿ ನೀರು ಬ್ಯಾರೆ. ಗೊತ್ತಿದ್ದೂ ಹೊಟ್ಟಿಗೆ ಹೆದರಿ ಮರತೆ."

ಜುಲೈ ತಾರೀಕಿಗೆ ಎರಡು ವಾರ ಮುಂಚೆ ಗದ್ದೆಯವರೆಲ್ಲ ಬೇವಿನ ಕಟ್ಟೆಯ ಹತ್ತಿರ ಸೇರಿದರು. ಮಳೆಗಾಲದ ಬೆಳೆಗೆ ಸರದಿ ಗೊತ್ತುಮಾಡುವ ಸಭೆ ಅದು, ಪ್ರತಿ ವರ್ಷ ನಡೆಯುವುದು. ಮುದುಕಪ್ಪ ಎದ್ದು ನಿಂತು ನಾಲ್ಕು ತಾರೀಕು ಹೇಳಿದ. ಗುದ್ದಲಿಯನ್ನು ಕಟ್ಟೆಗೆ ಒರಗಿಸಿದ. ಹೋಗುವುದಂತೂ ಹೋಗುತ್ತೇನೆ, ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಬಿಡುವುದಾದರೆ ಬಿಡಿ ಅಂದ. ಕೊಟ್ರಬಸಪ್ಪ ವಾಚು ನೋಡಿಕೊಂಡ.

ಆಗ ಎದ್ದವಳು ಸುವರ್ಣಮ್ಮ. ಅರವತ್ತು ದಾಟಿದ ವಿಧವೆ, ಹಣೆಗೆ ವಿಭೂತಿ, ಕಾಲುವೆಯ ಬಾಲದಲ್ಲಿ ನಾಲ್ಕು ಎಕರೆ. ಹೆಂಗಸರು ಆ ಸಭೆಗೆ ಬರುವ ರೂಢಿಯಿಲ್ಲ. ಗಂಡ ಸತ್ತ ಮೇಲೆ ಅವಳು ಬಂದು ಹಿಂದೆ ಕೂರುತ್ತಿದ್ದಳು, ಒಂದು ದಿನವೂ ಬಾಯಿ ತೆರೆದವಳಲ್ಲ.

"ಮೂವತ್ತು ವರ್ಷ ಅಂವ ನಮ್ಮ ಗದ್ದಿ ನೋಡ್ಯಾನ," ಅಂದಳು. "ನಾಕು ಸರ್ತಿ ಅವನ ತೂಬು ನಾವು ನೋಡಾಕ ಆಗಂಗಿಲ್ಲೇನು? ತಗೊಂಬರ್ರಿ ಇತ್ಲಾಗ ಗುದ್ದಲಿ, ನಾ ಹಿಡೀತೀನಿ."

ಕೆಲವರು ನಕ್ಕರು.

"ನಗ್ರಿ. ನೀರು ಸೀರಿ ನೋಡಂಗಿಲ್ಲ, ಧೋತ್ರ ನೋಡಂಗಿಲ್ಲ. ಇಳಿಜಾರು ನೋಡತೈತಿ, ಹರೀತೈತಿ. ಏನಪಾ ಕೊಟ್ರಬಸಪ್ಪ, ನಿನಗೇನರ ತಕರಾರು ಐತೇನು? ಇದ್ರ ಈಗ ಹೇಳು. ಆಮ್ಯಾಲ ಸೈಕಲ್ ಮೋಟಾರ ಮ್ಯಾಲ ಕುಂತು ಹೇಳಬ್ಯಾಡ."

ತಕರಾರು ಇರಲಿಲ್ಲ. ಮುದುಕಪ್ಪ ಗುದ್ದಲಿ ಎತ್ತಿ ಎರಡು ಕೈಯಿಂದ ಅವಳಿಗೆ ಕೊಟ್ಟ.

ಆ ಎಂಟು ದಿನ ಸುವರ್ಣಮ್ಮ ಸೀರೆ ಎತ್ತಿ ಕಚ್ಚೆ ಹಾಕಿಕೊಂಡು ತೂಬಿನ ಮೇಲೆ ನಿಂತಳು. ಕೆಂಚಣ್ಣ ಅವಳ ಕೈಕೆಳಗೆ ದುಡಿದ. ಹೆದರುವವನಿಗೆ ಒಬ್ಬ ಗಟ್ಟಿಗಿತ್ತಿ ಸಿಕ್ಕರೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾನೆ ಎಂದು ಆಗ ಕಂಡೆವು. ಐದನೇ ದಿನ ಕೊಟ್ರಬಸಪ್ಪನ ಗದ್ದೆ ಪಕ್ಕದ ಏರಿಯ ಬುಡದಲ್ಲಿ ಹುಲ್ಲಿನ ಮರೆಯಲ್ಲಿ ಒಂದು ಸಿಮೆಂಟು ಪೈಪು ಅವಳ ಕಣ್ಣಿಗೆ ಬಿತ್ತು. ಯಾರ ಸರದಿಯಿದ್ದರೂ ಅದರಲ್ಲಿ ನೀರು ಕದ್ದು ಹರಿಯುತ್ತಿತ್ತು. ಅವಳು ಒಬ್ಬರಿಗೂ ಹೇಳಲಿಲ್ಲ. ಹಳೆಯ ಗೋಣಿಚೀಲಕ್ಕೆ ಮಣ್ಣು ತುಂಬಿ ಪೈಪಿನ ಬಾಯಿಗೆ ತುರುಕಿ, ಮೇಲೆ ನಿಂತು ತುಳಿದಳು. ಮರುದಿನ ಕೊಟ್ರಬಸಪ್ಪ ತಾನೇ ನಮ್ಮ ಓಣಿಗೆ ಬಂದು ಮುದುಕಪ್ಪ ಯಾವಾಗ ಬರುತ್ತಾನೆ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆ ಪೈಪಿನ ವಿಷಯ ಮುದುಕಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಟ್ಟೆಗೆ ಹೆದರಿದ್ದು ಒಂದು ಸಾರಿಯಲ್ಲ ಎಂದು ಅವನೇ ಒಪ್ಪಿಕೊಂಡ.

ನಾಲ್ಕು ತಾರೀಕಿನಲ್ಲಿ ಒಂದೂ ತಪ್ಪಲಿಲ್ಲ. ಆಮೇಲೆ ಆರು ತಿಂಗಳಿಗೊಮ್ಮೆ ಬಂದ ತಾರೀಕುಗಳೂ ತಪ್ಪಲಿಲ್ಲ. ಎರಡನೇ ಸಾರಿ ಸುವರ್ಣಮ್ಮನ ಜೊತೆ ಬಾಲದ ಗದ್ದೆಯವರು ಇನ್ನಿಬ್ಬರು ಬಂದರು, ಆಮೇಲೆ ತಲೆಯ ಗದ್ದೆಯವರೂ ಬಂದರು. ರೈಲಿಗೆ ಬುತ್ತಿ ಯಾವ ಮನೆಯಿಂದ ಅನ್ನುವುದಕ್ಕೂ ಒಂದು ಸರದಿ ಬಿತ್ತು. ಭರಮಮ್ಮ ಗಣಿ ಬಿಟ್ಟು ಊರಲ್ಲೇ ನಾಟಿ ಕೆಲಸ ಹಿಡಿದಳು. ಮಗಳ ಮಂಡಿ ಮಡಚಿಸುವ ಕೆಲಸವನ್ನು ಅಣ್ಣನ ಕೈಯಿಂದ ತಾನು ತೆಗೆದುಕೊಂಡಳು. ಅಳತೆ ಬೇಡ ಎಂದು ಪೈಪು ಕಿತ್ತುಕೊಂಡಿದ್ದವಳೇ ಈಗ ತಿಂಗಳ ಮೊದಲ ದಿನ ಪೈಪಿಗೆ ನೀರು ತುಂಬಿ ಗಾಳಿಗುಳ್ಳೆ ತೆಗೆದು ಇಡುತ್ತಿದ್ದಳು.

ನಾನು ನಲವತ್ತು ವರ್ಷ ಸಂಘದ ಬಾವುಟ ಹಿಡಿದು ದೊಡ್ಡವರನ್ನು ಬೈದುಕೊಂಡು ಬದುಕಿದವನು. ಇವರಿಗೆ ಕೃತಜ್ಞತೆ ಹೇಳುವುದು ಹೇಗೆಂದು ಸರಿಯಾಗಿ ಬರುವುದಿಲ್ಲ. ಆದರೂ ಹೇಳುತ್ತೇನೆ. ತೆಲುಗು ನರ್ಸಮ್ಮನಿಗೆ, ಅವಳ ಹೆಸರು ನಮಗೆ ಯಾರಿಗೂ ಸರಿಯಾಗಿ ಬಾಯಿಗೆ ಬರಲಿಲ್ಲ. ನೀರಗಂಟಿಯನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದ ಡಾಕ್ಟರಿಗೆ. ಪೈಪು ವಾಪಸು ಕೇಳದ ಗೌಂಡಿಗೆ. ಕೆಂಚಣ್ಣನಿಗೆ. ಸುವರ್ಣಮ್ಮನಿಗೆ, ಅವಳು ಹೋದ ವರ್ಷ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ದಿನ ಕುಣಿಗೆ ಮಣ್ಣೆಳೆದದ್ದು ಅದೇ ಗುದ್ದಲಿ.

1997ರ ಅಕ್ಟೋಬರಿನಲ್ಲಿ ಡಾಕ್ಟರು, ಹುಡುಗಿಯ ಬೆಳವಣಿಗೆ ನಿಂತಿದೆ, ಇನ್ನು ಕೀಲಿಯ ಕೆಲಸವಿಲ್ಲ ಅಂದರು. ವರ್ಷಕ್ಕೊಮ್ಮೆ ಎದೆಯ ಫೋಟೋ, ಲೋಹದ ಫೋಟೋ ಮಾತ್ರ ತಪ್ಪಬಾರದು. ಲೋಹ ಸವೆದರೆ ಮುಂದೆ ಬದಲಾಯಿಸಬೇಕಾದೀತು. ಊರಿಗೆ ಬಂದು ಪೈಪು ಹಿಡಿದು ನೋಡಿದರು. ಒಂದೇ ಒಂದು ಚೂರು ಹಿಡಿಯಿತು, ಕಾಲಿಂಚು. ಅದಕ್ಕೆ ಚಪ್ಪಲಿಯ ಅಟ್ಟೆಯಲ್ಲಿ ಒಂದು ಪದರ ಸಾಕು. ಹೊಳೆಮ್ಮ ಸ್ವಲ್ಪ ಕುಂಟುತ್ತಾಳೆ, ಸುಳ್ಳು ಹೇಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಲಾರಳು, ಓಡಲಾರಳು. ಹೊಸಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ, ನಿಂತು ಬರುತ್ತಾಳೆ. ಅವಳ ಬೈಗುಳ ಇನ್ನೂ ಹರಿತವಾಗಿದೆ. ತೂಬಿಗೊಂದು ಕೀಲಿ ನನಗೊಂದು ಕೀಲಿ ಅಂತಿದ್ದೆಯಲ್ಲ ಮಾವ, ಈಗ ನನ್ನದಕ್ಕೆ ಬೀಗ ಬಿತ್ತು ನೋಡು ಅಂದಳಂತೆ. ಮುದುಕಪ್ಪ ಮುಖ ಆಚೆ ತಿರುಗಿಸಿ ನೀರು ನೋಡಿದ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಕಡೆಯಿಂದ ಅದೇ ಆಸ್ಪತ್ರೆಗೆ ಅದೇ ಥರದ ಲೋಹದ ಎಲುಬಿನ ಮಕ್ಕಳು ಈಗ ಮೂವರು ಹೋಗುತ್ತಾರೆ. ಕಂಪ್ಲಿಯವರಿಬ್ಬರು, ಚೋರನೂರಿನವಳೊಬ್ಬಳು. ಹೊಳೆಮ್ಮ ಅವರ ಮನೆಗಳಿಗೆ ತಾರೀಕಿಗೆ ಮುಂಚೆ ಕಾರ್ಡು ಬರೆದು ಹಾಕುತ್ತಾಳೆ. ಈ ಜನವರಿಯಲ್ಲಿ ಚೋರನೂರಿನ ಹುಡುಗಿ ಸಂಗಮ್ಮ ಆಸ್ಪತ್ರೆಗೆ ಹೋಗಲಿಲ್ಲ. ಹತ್ತು ವರ್ಷದವಳು. ಮುದುಕಪ್ಪ ಸಂಡೂರಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಹೋದ. ಸಂಗಮ್ಮನ ಅಪ್ಪ ಅಂದಾನಪ್ಪ ಗಣಿಯಲ್ಲಿ ಲಾರಿ ತುಂಬುವವನು. ಎಂಟು ದಿನ ಹೋದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿದ್ದಾನೆ. ಅಂದಾನಪ್ಪನದೂ ಅದೇ ಲೆಕ್ಕ: ಮುಂದಿನ ಸಾರಿ ಹೋಗಿ ಒಟ್ಟಿಗೆ ಉದ್ದ ಮಾಡಿಸಿಕೊಂಡು ಬರೋಣ.

"ಎರಡು ಪಾಲು ಸಿಗಂಗಿಲ್ಲಪ," ಅಂದನಂತೆ ಮುದುಕಪ್ಪ. "ನಾ ಕೇಳಿ ಬಂದೀನಿ."

ಅಲ್ಲೇ ಅಂಗಳದಲ್ಲಿ ಪೈಪು ಬಿಚ್ಚಿ ಅಳೆದ. ಎರಡೂವರೆ ಚೂರು. ಬೇವಿನ ಚೂರುಗಳನ್ನೂ ಪೈಪನ್ನೂ ಆ ಹುಡುಗಿಯ ಹತ್ತಿರ ಬಿಟ್ಟು ಬಂದ. ಹೊಳೆಮ್ಮ ಕೊಟ್ಟು ಬಾ ಅಂದಿದ್ದಳು. ಆಸ್ಪತ್ರೆಯವರು ಮಾರ್ಚ್ ಹದಿನಾರಕ್ಕೆ ಹೊಸ ತಾರೀಕು ಕೊಟ್ಟಿದ್ದಾರೆ.

ಈಗ ಓದುವ ನಿಮಗೆ ಹೇಳುತ್ತೇನೆ. ನೀವು ಆ ಹನ್ನೊಂದು ಗದ್ದೆಯವರಲ್ಲಿ ಒಬ್ಬರಾದರೆ, ಈ ಸುಗ್ಗಿಯಲ್ಲಿ 1992ರ ಆಯವನ್ನು ಅಳೆದು ಅವನ ಚೀಲಕ್ಕೆ ಸುರಿಯಿರಿ. ಅವನು ಕೇಳುವುದಿಲ್ಲ, ನೀವೇ ಕರೆಯಿರಿ. ನೀವು ಮೇಸ್ತ್ರಿಯಾದರೆ, ಗಿರಣಿಯ ಮಾಲೀಕರಾದರೆ, ಮನೆಯಲ್ಲಿ ಪಾತ್ರೆ ತಿಕ್ಕಲು ಒಬ್ಬಳನ್ನು ಇಟ್ಟುಕೊಂಡವರಾದರೆ, ನಿಮ್ಮ ಕೈಕೆಳಗೆ ದುಡಿಯುವವರು ಮಗುವಿನ ಆಸ್ಪತ್ರೆ ಕಾರ್ಡು ಹಿಡಿದು ಬಂದಾಗ ತಾರೀಕು ಓದಿ. ಹೋಗು ಅನ್ನಿ. ಕೂಲಿ ಹಿಡಿಯಬೇಡಿ, ಕೆಲಸ ಬೇರೆಯವರಿಗೆ ಕೊಡಬೇಡಿ, ಆ ಎಂಟು ದಿನದ ಗುದ್ದಲಿಯನ್ನು ನೀವೇ ಹಿಡಿಯಿರಿ. ಮಾರ್ಚ್ ಹದಿನಾರಕ್ಕೆ ಅಂದಾನಪ್ಪನ ಲಾರಿ ಯಾರು ತುಂಬುತ್ತೀರಿ? ಹೆಸರು ಹೇಳಿ.